ಬೆರಳಿಗೆ ಎಟುಕಿದ ಬ್ರೇಕು: ಎರಡು ಸ್ಪರ್ಧಾ ವರ್ಷಗಳ ನಂತರ ಶಿಮಾನೊ 105

ಚಿಕ್ಕಮಗಳೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನು ಐದು ವರ್ಷಗಳಿಂದ ಹವ್ಯಾಸಿ ಮಟ್ಟದ ರಸ್ತೆ ಸೈಕಲ್ ಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದೇನೆ. ಮೊದಲ ಮೂರು ವರ್ಷ, ಏರಿನಲ್ಲಿ ಉಸಿರು ಬಿಗಿಹಿಡಿದು ಗಳಿಸಿದ ಅಂತರವನ್ನೆಲ್ಲ ಇಳಿಜಾರಿನಲ್ಲಿ ಕಳೆದುಕೊಳ್ಳುತ್ತಿದ್ದೆ. ಇಳಿಯುವಾಗ ನನಗೆ ಧೈರ್ಯ ಸಾಲದು ಎಂದು ಜೊತೆಯವರು ಹೇಳುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ಎರಡು ವರ್ಷಗಳ ಹಿಂದೆ ಶಿಮಾನೊ ಕಂಪನಿಯ 105 ಎಂಬ ಗ್ರೂಪ್‌ಸೆಟ್ (ಗೇರು, ಬ್ರೇಕು, ಲಿವರುಗಳ ಒಟ್ಟು ಜೋಡಣೆ) ಇರುವ ಸೈಕಲ್ಲಿಗೆ ಬದಲಾಯಿಸಿಕೊಂಡ ಮೇಲೆ, ಅದರಲ್ಲೂ ಸಣ್ಣ ಕೈಗಳಿಗೆಂದೇ ರೂಪಿಸಿರುವ ಆರ್7025 ಎಂಬ ಬ್ರೇಕ್ ಲಿವರನ್ನು ಹಾಕಿಸಿಕೊಂಡ ಮೇಲೆ, ಆ ನಂಬಿಕೆ ತಪ್ಪೆಂದು ತಿಳಿಯಿತು. ಸ್ಪರ್ಧೆಗೆ ಇಳಿಯಬೇಕೆಂದಿರುವ ಹೆಣ್ಣುಮಕ್ಕಳಿಗೆ ನೆರವಾಗಲಿ ಎಂಬ ಉದ್ದೇಶದಿಂದ ಈ ಉಪಕರಣದ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಹಳೆಯ ಸೈಕಲ್ಲಿನಲ್ಲಿ ರಿಮ್ಮನ್ನು ಅದುಮಿ ಹಿಡಿಯುವ ಬ್ರೇಕುಗಳಿದ್ದವು. ಕೈಮರದಿಂದ ಸೀತಾಳಯ್ಯನಗಿರಿಯ ಮೂಲಕ ಮುಳ್ಳಯ್ಯನಗಿರಿಗೆ ಹತ್ತುವ ರಸ್ತೆಯಲ್ಲಿ ಅಭ್ಯಾಸ ಮಾಡಿದವರಿಗೆ ಅಲ್ಲಿನ ತಿರುವುಗಳ ಪರಿಚಯವಿರುತ್ತದೆ. ರಸ್ತೆ ಕಿರಿದು, ಒಂದು ಬದಿಗೆ ಪ್ರಪಾತ, ಎದುರಿನಿಂದ ಜೀಪು ಬರುತ್ತಿದ್ದರೂ ಕೊನೆಯ ಕ್ಷಣದವರೆಗೆ ಕಾಣಿಸುವುದಿಲ್ಲ, ಮಳೆಗಾಲದಲ್ಲಂತೂ ಮಂಜು ಕವಿದು ಹತ್ತು ಮಾರು ಮುಂದಿನದೂ ತಿಳಿಯುವುದಿಲ್ಲ. ಅಲ್ಲಿ ಇಳಿಯುವಾಗ ಹ್ಯಾಂಡಲ್ಲಿನ ಕೆಳಬಾಗಿದ ಭಾಗವನ್ನು ಹಿಡಿದರೆ ಸೈಕಲ್ಲಿನ ಮೇಲೆ ಹತೋಟಿ ಹೆಚ್ಚು. ಆದರೆ ಹಾಗೆ ಹಿಡಿದಾಗ ಬ್ರೇಕನ್ನು ಮುಟ್ಟಲು ನಾನು ಅಂಗೈಯನ್ನೇ ಸ್ವಲ್ಪ ಸಡಿಲಿಸಿ ಮುಂದಕ್ಕೆ ಜಾರಿಸಬೇಕಾಗುತ್ತಿತ್ತು. ಹೀಗಾಗಿ ತಿರುವು ಬರುವುದಕ್ಕೆ ಬಹಳ ಮೊದಲೇ ಬ್ರೇಕ್ ಹಿಡಿಯುವುದು, ಹಿಡಿದದ್ದನ್ನು ಬಿಡದೇ ಇರುವುದು ಅಭ್ಯಾಸವಾಗಿಹೋಗಿತ್ತು.

ಇದರ ನಿಜವಾದ ಕಾರಣವನ್ನು ಮೊದಲು ಗುರುತಿಸಿದವರು ಹಾಸನದ ಒಬ್ಬ ಯುವ ಮೆಕ್ಯಾನಿಕ್. ಬ್ರೇಕ್ ಬಿಗಿ ಮಾಡಿಕೊಡಿ ಎಂದು ಕೇಳಿಕೊಂಡು ಹೋದವಳನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದ ಸೈಕಲ್ಲಿನ ಮೇಲೆ ಕೂರಿಸಿ, ಕೆಳಗಿನ ಹಿಡಿಕೆಯಲ್ಲಿ ಕೈಯಿಡಲು ಹೇಳಿ, "ಅಕ್ಕಾ, ಬ್ರೇಕ್ ಚೆನ್ನಾಗೇ ಹಿಡೀತಿದೆ. ನಿಮ್ಮ ಬೆರಳಿನ ತುದಿ ಮಾತ್ರ ಲಿವರಿಗೆ ತಾಗ್ತಿದೆ, ನೋಡಿ" ಎಂದರು. ಲಿವರನ್ನು ಹ್ಯಾಂಡಲ್ಲಿನ ಹತ್ತಿರಕ್ಕೆ ತರುವ ಸ್ಕ್ರೂವನ್ನು ಅವರು ಕೊನೆಯವರೆಗೆ ತಿರುಗಿಸಿ ನೋಡಿದರು. ಬೆರಳು ಎಟುಕಿತಾದರೂ, ಬ್ರೇಕ್ ಪೂರ್ತಿ ಹಿಡಿಯುವ ಮೊದಲೇ ಲಿವರ್ ಹ್ಯಾಂಡಲ್ಲಿಗೆ ಬಂದು ತಾಗತೊಡಗಿತು. ಮೂರು ವರ್ಷ ನನ್ನ ಸ್ವಭಾವದ ದೌರ್ಬಲ್ಯವೆಂದು ತಿಳಿದು ಸಂಕೋಚಪಟ್ಟದ್ದು ಕೆಲವು ಮಿಲಿಮೀಟರುಗಳ ಪ್ರಶ್ನೆಯಾಗಿತ್ತು ಎಂದು ಆ ದಿನ ಅರಿವಾದಾಗ ನನಗೆ ಸಂತೋಷಕ್ಕಿಂತ ದುಃಖವೇ ಹೆಚ್ಚಾಯಿತು.

ಆಧುನಿಕ ಒಲಿಂಪಿಕ್ಸ್‌ನಲ್ಲಿ ಪುರುಷರ ರಸ್ತೆ ಸೈಕಲ್ ಸ್ಪರ್ಧೆ 1896ರ ಅಥೆನ್ಸ್ ಕೂಟದಲ್ಲೇ ನಡೆಯಿತು. ಮಹಿಳೆಯರ ಸ್ಪರ್ಧೆ ಸೇರ್ಪಡೆಯಾದದ್ದು 1984ರ ಲಾಸ್ ಏಂಜಲೀಸ್ ಕೂಟದಲ್ಲಿ. ನಡುವಿನ 88 ವರ್ಷಗಳಲ್ಲಿ ಸ್ಪರ್ಧೆಯ ಸೈಕಲ್ಲಿನ ಹ್ಯಾಂಡಲ್ಲು, ಸೀಟು, ಲಿವರುಗಳು ಯಾರ ದೇಹದ ಅಳತೆಯಲ್ಲಿ ರೂಪುಗೊಂಡವು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದಲೇ ಆರ್7025ರಂತಹ ಒಂದು ಲಿವರು ದೊಡ್ಡ ಸಂಗತಿ ಎಂದು ನಾನು ಭಾವಿಸುತ್ತೇನೆ. 2018ರಲ್ಲಿ ಬಂದ ಆರ್7000 ಸರಣಿಯ 105ಕ್ಕೆ ಸೇರಿದ ಇದರಲ್ಲಿ ಲಿವರ್ ಹ್ಯಾಂಡಲ್ಲಿಗೆ ಹತ್ತಿರವಾಗಿಯೇ ಕೂರುತ್ತದೆ. ಈಗ ಕೆಳಹಿಡಿಕೆಯಲ್ಲಿ ಅಂಗೈ ಕದಲಿಸದೆ ತೋರುಬೆರಳಿನ ಮೊದಲ ಗೆಣ್ಣಿನವರೆಗೂ ಲಿವರನ್ನು ಸುತ್ತಿ ಹಿಡಿಯಬಲ್ಲೆ. ಬ್ರೇಕು ತಂತಿಯದಲ್ಲ, ಎಣ್ಣೆಯ ಒತ್ತಡದಿಂದ ಡಿಸ್ಕನ್ನು ಹಿಡಿಯುವಂಥದ್ದಾದ್ದರಿಂದ ಒಂದೇ ಬೆರಳಿನ ಬಲ ಸಾಕಾಗುತ್ತದೆ, ಉಳಿದ ಬೆರಳುಗಳು ಹ್ಯಾಂಡಲ್ಲಿನ ಮೇಲೇ ಇರುತ್ತವೆ. ಒದ್ದೆಯಾದ ರಿಮ್ಮಿನ ಮೇಲೆ ನೀರು ಒರೆಸಿಹೋಗುವವರೆಗೆ ಕಾಯಬೇಕಾಗಿದ್ದ ಆ ಭಯಾನಕ ಕ್ಷಣವೂ ಈಗಿಲ್ಲ.

ಸ್ಪರ್ಧೆಯಲ್ಲಿ ಇದರಿಂದ ಆಗುವ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ರಸ್ತೆ ಸ್ಪರ್ಧೆಯೆಂದರೆ ಬಹುಪಾಲು ಗುಂಪಿನಲ್ಲಿ ಉಳಿಯುವ ಸ್ಪರ್ಧೆ. ಮುಂದಿನವರ ಬೆನ್ನಿಗೆ ಅಂಟಿಕೊಂಡಂತೆ ಸಾಗಿದರೆ ಗಾಳಿಯ ತಡೆ ಕಡಿಮೆಯಾಗಿ ಸುಮಾರು ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಹಳೆಯ ಸೈಕಲ್ಲಿನಲ್ಲಿ ಬೆಂಗಳೂರಿನ ಹೊರವಲಯದ 60 ಕಿ.ಮೀ. ಸ್ಪರ್ಧೆಯೊಂದರಲ್ಲಿ ದಿಬ್ಬದ ನೆತ್ತಿಯನ್ನು ನಾನು ಮೊದಲ ಮೂವರಲ್ಲಿ ಒಬ್ಬಳಾಗಿ ದಾಟಿದ್ದೆ. ಇಳಿದು ಮುಗಿಯುವ ಹೊತ್ತಿಗೆ ಗುಂಪು ನನಗಿಂತ ನೂರು ಮೀಟರಿನಷ್ಟು ಮುಂದಿತ್ತು. ಆ ನೂರು ಮೀಟರಿಗಾಗಿ ಎದುರುಗಾಳಿಯಲ್ಲಿ ಒಂಟಿಯಾಗಿ ಹನ್ನೆರಡು ಕಿಲೋಮೀಟರ್ ತುಳಿದರೂ ಅವರನ್ನು ಕೂಡಿಕೊಳ್ಳಲಾಗಲಿಲ್ಲ. ಕಳೆದ ವರ್ಷ ಹೆಚ್ಚುಕಡಿಮೆ ಅಂಥದ್ದೇ ಮಾರ್ಗದಲ್ಲಿ, ಒಂಬತ್ತು ಮಹಿಳೆಯರಿದ್ದ ಸ್ಪರ್ಧೆಯಲ್ಲಿ, ದಿಬ್ಬವನ್ನು ಐದನೆಯವಳಾಗಿ ಹತ್ತಿ ಐದನೆಯವಳಾಗಿಯೇ ಇಳಿದೆ. ಗುಂಪಿನಿಂದ ಕಳಚಿಕೊಳ್ಳದೆ ಕೊನೆಯ ಓಟದಲ್ಲಿ ನಾಲ್ಕನೆಯವಳಾದೆ. ಆ ನಾಲ್ಕನೆಯ ಸ್ಥಾನ ನನಗೆ ಬಹಳ ಪ್ರಿಯವಾದದ್ದು.

ಇನ್ನು ಗೇರಿನ ವಿಷಯ. ನನ್ನ ಹಳೆಯ ಸೈಕಲ್ಲಿನಲ್ಲಿ ಮುಂದೆ 53 ಮತ್ತು 39 ಹಲ್ಲುಗಳ ಚಕ್ರಗಳೂ, ಹಿಂದೆ 11ರಿಂದ 25 ಹಲ್ಲುಗಳವರೆಗಿನ ಚಕ್ರಗಳ ಗುಚ್ಛವೂ, ಅಂದರೆ ಕ್ಯಾಸೆಟ್ಟೂ, ಇದ್ದವು. ಅತಿ ಹಗುರವಾದ ಗೇರಿನಲ್ಲಿಯೂ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 3.3 ಮೀಟರ್ ಮುಂದೆ ಹೋಗಬೇಕು. ಕಡಿದಾದ ಏರಿನಲ್ಲಿ ಗಂಟೆಗೆ 9 ಕಿ.ಮೀ. ವೇಗವಿದ್ದರೆ ನಿಮಿಷಕ್ಕೆ ಸುಮಾರು 46 ಸುತ್ತು ಮಾತ್ರ. ಅಂದರೆ ಪ್ರತಿ ಸುತ್ತೂ ಮಂಡಿಯ ಮೇಲೆ ಹೇರಿದ ಭಾರ. ಈಗಿನ 105ರಲ್ಲಿ ಮುಂದೆ 50 ಮತ್ತು 34, ಹಿಂದೆ 11ರಿಂದ 34. ಅತಿ ಹಗುರವಾದ ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ ಹಿಂಚಕ್ರವೂ ಒಂದೇ ಸುತ್ತು, 2.1 ಮೀಟರ್. ಅದೇ ವೇಗದಲ್ಲಿ ನಿಮಿಷಕ್ಕೆ 71 ಸುತ್ತು ತುಳಿಯಬಹುದು. ಮುಳ್ಳಯ್ಯನಗಿರಿಯ ಕೊನೆಯ ಭಾಗವನ್ನು ಮಂಡಿನೋವಿಲ್ಲದೆ ಹತ್ತಿ, ಮಾರನೆಯ ದಿನ ತರಗತಿಯಲ್ಲಿ ಆರು ಪಾಠ ನಿಂತುಕೊಂಡೇ ಮಾಡಲು ಸಾಧ್ಯವಾದದ್ದು ಈ ವ್ಯತ್ಯಾಸದಿಂದ. ಇಂಥ ಗೇರನ್ನು ಅಜ್ಜಿ ಗೇರೆಂದು ಹಗುರವಾಗಿ ಮಾತಾಡುವವರ ಮಾತಿಗೆ ಯಾವ ಹೆಣ್ಣುಮಗಳೂ ಕಿವಿಗೊಡಬಾರದೆಂದು ವಿನಂತಿಸುತ್ತೇನೆ.

ವಿಸ್ತಾರವಾದ ಕ್ಯಾಸೆಟ್ಟಿಗೆ ತೆರಬೇಕಾದ ಬೆಲೆಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 11ರಿಂದ 34ರ ಕ್ಯಾಸೆಟ್ಟಿನಲ್ಲಿ ಸಣ್ಣ ಚಕ್ರಗಳು 11, 13, 15, 17 ಎಂದು ಎರಡೆರಡು ಹಲ್ಲುಗಳ ಅಂತರದಲ್ಲಿ ಏರುತ್ತವೆ. ಸಖರಾಯಪಟ್ಟಣದ ಕಡೆಯ ಕಡೂರು ರಸ್ತೆಯಲ್ಲಿ ಗುಂಪಾಗಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವಾಗ ಮುಂದೆ 50, ಹಿಂದೆ 13 ಹಲ್ಲಿನ ಚಕ್ರವಿದ್ದರೆ ನಿಮಿಷಕ್ಕೆ 82 ಸುತ್ತು ಬೀಳುತ್ತದೆ, 15ಕ್ಕೆ ಬದಲಾಯಿಸಿದರೆ ಒಮ್ಮೆಲೇ 95. ನನ್ನ ಕಾಲಿಗೆ ಒಗ್ಗುವುದು ಸುಮಾರು 88, ಅದಕ್ಕೆ ಬೇಕಾದ 14 ಇದರಲ್ಲಿಲ್ಲ. ಒಂಟಿಯಾಗಿ ಸಾಗುವಾಗ ವೇಗವನ್ನೇ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಗುಂಪಿನಲ್ಲಿ ವೇಗ ನಮ್ಮ ಕೈಯಲ್ಲಿರುವುದಿಲ್ಲವಾದ್ದರಿಂದ ಗಂಟೆಯ ಕೊನೆಗೆ ಕಾಲು ಅದರ ಲೆಕ್ಕ ಹೇಳುತ್ತದೆ.

ಖರ್ಚಿನ ಬಗ್ಗೆ ಮುಖ್ಯವಾದ ಒಂದು ಮಾತು. ಈ ಲಿವರು ಡಿಸ್ಕ್ ಬ್ರೇಕಿನದಾದ್ದರಿಂದ ಹಳೆಯ ಫ್ರೇಮಿಗೆ ಹೊಂದುವುದಿಲ್ಲ; ಫ್ರೇಮ್, ಮುಂದಿನ ಫೋರ್ಕ್, ಚಕ್ರಗಳು ಎಲ್ಲವೂ ಬದಲಾಗಬೇಕು. ನಾನು ಬೆಂಗಳೂರಿನ ಹವ್ಯಾಸಿಯೊಬ್ಬರಿಂದ ಬಳಸಿದ ಅಲ್ಯೂಮಿನಿಯಂ ಸೈಕಲ್ ಕೊಂಡು ಲಿವರನ್ನು ಬದಲಾಯಿಸಿಕೊಂಡೆ. 105ರಲ್ಲಿ 12 ಗೇರಿನ ಎಲೆಕ್ಟ್ರಾನಿಕ್ ಆವೃತ್ತಿ 2022ರಲ್ಲಿ, ಕೇಬಲ್ಲಿನದು 2023ರಲ್ಲಿ ಬಂದಿವೆ. ನನ್ನದು ಹಿಂದಿನ 11 ಗೇರಿನದು, ಹವ್ಯಾಸಿಗೆ ಏನೇನೂ ಸಾಲದೆಂದು ಅನ್ನಿಸಿಲ್ಲ. ನಿರ್ವಹಣೆಯಲ್ಲಿ ಎಚ್ಚರಿಕೆ ಬೇಕು. ಇದರ ಬ್ರೇಕಿಗೆ ಮಿನರಲ್ ಆಯಿಲ್ ಮಾತ್ರ ಹಾಕಬೇಕು. ಊರಿನ ಮೋಟಾರ್ ಸೈಕಲ್ ಗ್ಯಾರೇಜೊಂದರಲ್ಲಿ, ಒಳ್ಳೆಯ ಮನಸ್ಸಿನಿಂದಲೇ, ಬೈಕಿಗೆ ಹಾಕುವ ಬ್ರೇಕ್ ಫ್ಲೂಯಿಡ್ ತುಂಬಿಸಿಕೊಡಲು ಮುಂದಾಗಿದ್ದರು. ಅದು ಒಳಗಿನ ಸೀಲುಗಳನ್ನು ಹಾಳುಮಾಡುತ್ತದೆ. ಎಣ್ಣೆ ಬದಲಿಸಿ ಬ್ರೇಕಿನ ಕೊಳವೆಯೊಳಗಿನ ಗಾಳಿ ತೆಗೆಸಲು ಈಗಲೂ ನಾನು ಹಾಸನದ ಅದೇ ಮೆಕ್ಯಾನಿಕ್ ಬಳಿಗೆ ಹೋಗುತ್ತೇನೆ. ಮಳೆಗಾಲದ ಕೆಸರಿನಲ್ಲಿ ಬ್ರೇಕ್ ಪ್ಯಾಡುಗಳು ಬೇಗ ಸವೆಯುವುದರಿಂದ ಜೂನ್‌ಗೆ ಮೊದಲು ಒಂದು ಜೊತೆ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಹವ್ಯಾಸಿಗಳಾದ ನಮಗೆ ಹಿಂದೆ ತಂಡದ ಕಾರು ಬರುವುದಿಲ್ಲ, ಟ್ಯೂಬು ಪಂಕ್ಚರ್ ಆದರೆ ನಾವೇ ಇಳಿದು ಬದಲಾಯಿಸಬೇಕು, ಯಾವ ಗೇರು ಬೇಕೆಂದು ಹೇಳಿಕೊಡುವ ತರಬೇತುದಾರರೂ ಇಲ್ಲ. ಟೋಕಿಯೊ ಒಲಿಂಪಿಕ್ಸ್‌ನ 137 ಕಿ.ಮೀ. ಸ್ಪರ್ಧೆಯಲ್ಲಿ ಆರಂಭದಲ್ಲೇ ಗುಂಪನ್ನು ಬಿಟ್ಟು ಮುಂದೆ ಹೋಗಿ, ಒಂದು ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಚಿನ್ನ ಗೆದ್ದ ಆಸ್ಟ್ರಿಯಾದ ಆನಾ ಕೀಸೆನ್‌ಹೋಫರ್ ಆಗ ಯಾವ ವೃತ್ತಿಪರ ತಂಡದಲ್ಲಿಯೂ ಇರಲಿಲ್ಲ. ಅವರು ಗಣಿತದಲ್ಲಿ ಡಾಕ್ಟರೇಟ್ ಪಡೆದವರು, ತಮ್ಮ ತಯಾರಿಯ ಲೆಕ್ಕವನ್ನು ತಾವೇ ಹಾಕಿಕೊಂಡವರು. ಅವರ ಮಟ್ಟ ಬೇರೆ, ನನ್ನದು ಬೇರೆ ಎಂಬುದನ್ನು ಬಲ್ಲೆ. ಆದರೂ ಗೇರಿನ ಹಲ್ಲು ಎಣಿಸುತ್ತಾ ಕೂರುವ ಸಂಜೆಗಳಲ್ಲಿ ಅವರ ನೆನಪಾಗುತ್ತದೆ.

ಕೊಳ್ಳುವವರು ಬಣ್ಣ, ತೂಕ ನೋಡುವುದಕ್ಕೆ ಮೊದಲು ಕೆಳಹಿಡಿಕೆಯಲ್ಲಿ ಕೈಯಿಟ್ಟು, ಅಂಗೈ ಕದಲಿಸದೆ ತೋರುಬೆರಳು ಮೊದಲ ಗೆಣ್ಣಿನವರೆಗೂ ಲಿವರನ್ನು ಸುತ್ತಿ ಹಿಡಿಯುತ್ತದೆಯೇ ಎಂದು ನೋಡಿ. ಹಿಡಿಯದಿದ್ದರೆ ಆರ್7025 ತರಿಸಿಕೊಡಿ ಎಂದು ಅಂಗಡಿಯವರನ್ನು ಕೇಳಿ. ನಾನಂತೂ ಬಯಲಿನ ಸ್ಪರ್ಧೆಗಳಿಗೆಂದು ಅದೇ 105ರ 11ರಿಂದ 30ರ ಕ್ಯಾಸೆಟ್ಟನ್ನು ತರಿಸಿಟ್ಟುಕೊಂಡಿದ್ದೇನೆ. ಅದರಲ್ಲಿ 14 ಹಲ್ಲಿನ ಚಕ್ರವಿದೆ. ಬರುವ ಭಾನುವಾರ ಬೆಳಗ್ಗೆ ಅದನ್ನು ಹಾಕಿಕೊಂಡು ಕಡೂರು ರಸ್ತೆಯಲ್ಲಿ ಹೋಗಿಬರುವವಳಿದ್ದೇನೆ.