ಕಿಟ್ ಕಾರ್ ಕ್ಲಚ್ ರಿಪೇರಿಗೆ ಕೊಟ್ಟಿದ್ರೆ, ದುಡ್ಡು ಕೊಡೋ ಮುಂಚೆ ಪುಶ್ ರಾಡ್ ಅಲ್ಲಾಡಿಸಿ ನೋಡಿ

ಇಂಗ್ಲೆಂಡಿನಲ್ಲಿ ಮನೆ ಗ್ಯಾರೇಜಿನಲ್ಲೇ ಲೋಟಸ್ ಸೆವೆನ್ ಮಾದರಿಯ ಕಿಟ್ ಕಾರ್ (ಬಿಡಿಭಾಗ ತಂದು ನಾವೇ ಜೋಡಿಸೋ ಕಾರು) ಕಟ್ಟುತ್ತಿರುವ ನಮ್ಮವರು ಯಾರಾದರೂ ಇದ್ದರೆ ದಯವಿಟ್ಟು ಓದಿ. ಕಿಟ್ ಕಾರಲ್ಲೇ ಎಕ್ಸ್‌ಪರ್ಟ್ ಅಂತ ಬೋರ್ಡ್ ಹಾಕಿಕೊಂಡಿರೋ ವರ್ಕ್‌ಶಾಪಿನವರು ಕ್ಲಚ್ ಪೆಡಲ್ ಅಡ್ಜಸ್ಟ್ ಮಾಡೋಕೆ ದುಡ್ಡು ತಗೊಂಡು ಮಾಡಿದ್ದೇನು ಗೊತ್ತಾ? ಪೆಡಲ್ ಮಿತಿ ಮೀರಿ ಕೆಳಗೆ ಹೋಗದಂತೆ ತಡೆಯೋ ಸ್ಟಾಪ್ ಬೋಲ್ಟ್ ಬಿಚ್ಚಿ ಬಿಸಾಕಿದ್ದಾರೆ. ಪೆಡಲಿನಿಂದ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ತಳ್ಳೋ ಪುಶ್ ರಾಡನ್ನು ಆಗುವಷ್ಟು ಉದ್ದ ಮಾಡಿದ್ದಾರೆ. ಮುಗೀತು. ಬಿಲ್ಲಿನಲ್ಲಿ ಮಾತ್ರ 'ಕ್ಲಚ್ ಹೈಡ್ರಾಲಿಕ್ಸ್ ಸೆಟಪ್'!

ನಮ್ಮ ಗಾಡಿಯದು ಫೋರ್ಡ್ ಝೆಟೆಕ್ ಇಂಜಿನ್, ಫೋರ್ಡಿನದೇ ಟೈಪ್ 9 ಗೇರ್‌ಬಾಕ್ಸ್. ಈ ಗೇರ್‌ಬಾಕ್ಸಿಗೆ ಮೂಲದಲ್ಲಿ ಇದ್ದದ್ದು ಕೇಬಲ್ ಕ್ಲಚ್. ಇದರಲ್ಲಿ ಕೇಬಲ್ ತೆಗೆದು ಬೆಲ್‌ಹೌಸಿಂಗ್ (ಇಂಜಿನ್, ಗೇರ್‌ಬಾಕ್ಸ್ ನಡುವಿನ ಕ್ಲಚ್ ಗೂಡು) ಒಳಗೆ ಕಾನ್ಸೆಂಟ್ರಿಕ್ ಸ್ಲೇವ್ ಸಿಲಿಂಡರ್, ಅಂದ್ರೆ ಆಯಿಲ್ ಒತ್ತಡಕ್ಕೆ ಮುಂದೆ ಬಂದು ಕ್ಲಚ್ ಬಿಡಿಸೋ ಸಿಲಿಂಡರ್, ಕೂರಿಸಿದೆ. ಪೆಡಲ್ ರೇಶಿಯೋ 5ಕ್ಕೆ 1, ಆ ಆಯಿಲನ್ನು ಪೆಡಲ್ ಕಡೆಯಿಂದ ತಳ್ಳೋ ಮಾಸ್ಟರ್ ಸಿಲಿಂಡರಿನ ಒಳವ್ಯಾಸ 0.625 ಇಂಚು. ದೂರು ಇದ್ದದ್ದು ಒಂದೇ: ಪೆಡಲ್ ನೆಲಕ್ಕೆ ತಾಗೋ ಹೊತ್ತಿಗೆ ಕ್ಲಚ್ ಬಿಡುತ್ತೆ, ರಿವರ್ಸ್ ಹಾಕಿದ್ರೆ ಕರ್ ಅನ್ನುತ್ತೆ.

ವಾಪಸ್ ಬಂದಾಗ ಪೆಡಲ್ ಚೆನ್ನಾಗೇ ಇತ್ತು. ಮೇಲೇ ಹಿಡೀತಿತ್ತು, ರಿವರ್ಸ್ ಸಲೀಸು. ಅಲ್ಲೇ ಟೋಪಿ ಹಾಕಿದ್ದು! ತಣ್ಣಗಿದ್ದಾಗ ಯಾವ ಕ್ಲಚ್ಚಾದ್ರೂ ಹೀಗೆ ಮಾಡಿದ್ರೆ ಚೆನ್ನಾಗೇ ಇರುತ್ತೆ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ನಾಲ್ಕನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಆರ್‌ಪಿಎಂ ಮೇಲೇರುತ್ತೆ, ಸ್ಪೀಡ್ ಏರಲ್ಲ. ಪೆಡಲ್ ಬಾಕ್ಸ್ ಮುಚ್ಚಳ ತೆಗೆದು, ಮಾಸ್ಟರ್ ಸಿಲಿಂಡರ್ ಮೇಲಿನ ರಬ್ಬರ್ ಬೂಟ್ ಹಿಂದೆ ಸರಿಸಿ ಪುಶ್ ರಾಡ್ ಅಲ್ಲಾಡಿಸಿದ್ರೆ... ಅಲ್ಲಾಡ್ತಾನೇ ಇಲ್ಲ. ಕೂದಲೆಳೆಯಷ್ಟೂ ಗ್ಯಾಪ್ ಇಲ್ಲ. ಪೆಡಲಿಗೆ ಸೇರೋ ಫೋರ್ಕಿನೊಳಗೆ ರಾಡ್ ಹಿಡಿದಿದ್ದು ಬರೀ ಮೂರು ಥ್ರೆಡ್. ಮೂರು! 5/16 ಇಂಚಿನ ರಾಡಿಗೆ ಕಡಿಮೆ ಅಂದ್ರೂ 8 ಮಿ.ಮೀ. ಥ್ರೆಡ್ ಒಳಗಿರಬೇಕು. ಸ್ಟಾಪ್ ಬೋಲ್ಟ್ ಇದ್ದ ಜಾಗದಲ್ಲಿ ಖಾಲಿ ತೂತು. ಅದನ್ನು ನೋಡಿ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಗ್ಯಾಪ್ ಯಾಕೆ ಬೇಕು? ಪೆಡಲ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದೆ ಬಂದ್ರೆ ಮಾತ್ರ ರಿಸರ್ವಾಯರಿಗೆ ಹೋಗೋ ಸಣ್ಣ ರಂಧ್ರ ತೆರೆಯುತ್ತೆ. ರಾಡ್ ಒತ್ತಿಕೊಂಡೇ ಇದ್ರೆ ಅದು ಮುಚ್ಚೇ ಇರುತ್ತೆ. ಬಿಸಿಗೆ ಹಿಗ್ಗಿದ ಆಯಿಲ್ ಹೋಗೋಕೆ ಜಾಗ ಇಲ್ಲದೆ ಸ್ಲೇವನ್ನು ತಳ್ಳುತ್ತೆ, ಅಂದ್ರೆ ನೀವು ಕಾಲಿಡದೇ ಕ್ಲಚ್ ಅರ್ಧ ಒತ್ತಿದ ಹಾಗೆ. ಇನ್ನು ಸ್ಟಾಪ್ ಇಲ್ಲದಿದ್ರೆ ಕಾನ್ಸೆಂಟ್ರಿಕ್ ಸ್ಲೇವಿನ ಪಿಸ್ಟನ್ ಅದರ ಮಿತಿ ಮೀರಿ ಮುಂದೆ ಹೋಗಿ ಸೀಲ್ ಕಿತ್ತುಕೊಳ್ಳುತ್ತೆ. ಇಲ್ಲೂ ಅದೇ ಆಯ್ತು. ಬೆಲ್‌ಹೌಸಿಂಗ್ ಕೆಳಗೆ ಆಯಿಲ್ ತೊಟ್ಟಿಕ್ಕಿತು, ಪೆಡಲ್ ನೆಲ ಕಚ್ಚಿತು. ಆ ಸ್ಲೇವ್ ಬದಲಿಸಬೇಕಂದ್ರೆ ಸೆವೆನ್‌ನಲ್ಲಿ ಸಾಮಾನ್ಯವಾಗಿ ಇಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಎತ್ತಬೇಕು.

ಅವರ ಉತ್ತರಗಳನ್ನು ಕೇಳಿ. ಮೊದಲು, "ನಮ್ಮಲ್ಲಿಂದ ಹೊರಟಾಗ ಸರಿ ಇತ್ತಲ್ಲ." ಆಮೇಲೆ, "ಕಿಟ್ ಕಾರುಗಳೇ ಹಾಗೆ, ಏನಾದರೊಂದು ಇದ್ದೇ ಇರುತ್ತೆ." ಸ್ಟಾಪ್ ಬೋಲ್ಟ್ ಎಲ್ಲಿ ಅಂದ್ರೆ, "ಅದು ಅಡ್ಡ ಬರ್ತಿತ್ತು." ಅಡ್ಡ ಬರೋಕೇ ಅಲ್ವೇನ್ರೀ ಅದನ್ನ ಹಾಕಿರೋದು! ಕೊನೆಗೆ, "ನೀವು ಡಾಟ್ 5.1 ಆಯಿಲ್ ಹಾಕಿದ್ದೀರಿ, ಅದಕ್ಕೇ ಸೀಲ್ ಹೋಗಿದೆ." ಡಾಟ್ ಅನ್ನೋದು ಬ್ರೇಕ್, ಕ್ಲಚ್ ಆಯಿಲಿನ ದರ್ಜೆ; ಡಾಟ್ 5.1 ಕೂಡ ಡಾಟ್ 4ರ ಹಾಗೆ ಗ್ಲೈಕಾಲ್ ಜಾತಿಯದೇ, ಸೀಲಿಗೆ ಏನೂ ಆಗಲ್ಲ. ಸಿಲಿಕೋನ್ ಇರೋದು ಡಾಟ್ 5ರಲ್ಲಿ. ಕ್ಲಚ್ ಕೆಲಸ ಮಾಡಿ ದುಡ್ಡು ಎಣಿಸೋರಿಗೆ ಇಷ್ಟೂ ಗೊತ್ತಿರಬೇಡವಾ?

ಕೆಲಸ ನಿಜಕ್ಕೂ ಹೇಗೆ ಆಗಬೇಕಿತ್ತು ಅಂದ್ರೆ, ಮೊದಲು ಪೆಡಲನ್ನು ಬೇಗಬೇಗ ಎರಡು ಮೂರು ಸಲ ಪಂಪ್ ಮಾಡಿ ನೋಡಬೇಕಿತ್ತು. ಹಿಡಿಯೋ ಜಾಗ ಮೇಲೆ ಬಂದ್ರೆ ಆಯಿಲ್ ಲೈನಲ್ಲಿ ಏರ್ ಇದೆ, ಅದನ್ನು ಹೊರಗೆ ಹಾಕಬೇಕು, ಅಂದ್ರೆ ಬ್ಲೀಡ್ ಮಾಡಬೇಕು. ಮಾಸ್ಟರ್ ಸಿಲಿಂಡರ್ ಓರೆಯಾಗಿ ಕೂತಿದ್ರೆ ಗಾಡಿಯನ್ನು ಜಾಕ್ ಕೊಟ್ಟು, ಆಯಿಲ್ ಹೊರಹೋಗೋ ತುದಿ ಮೇಲೆ ಬರೋ ಹಾಗೆ ಎತ್ತಿಕೊಂಡು ಮಾಡಬೇಕು. ಪಂಪ್ ಮಾಡಿದ್ರೂ ಬದಲಾಗದಿದ್ರೆ ಮಾಸ್ಟರ್ ತಳ್ಳೋ ಆಯಿಲ್ ಸಾಲ್ತಿಲ್ಲ ಅಂತರ್ಥ. ರಾಡ್ ಎಷ್ಟು ತಿರುಗಿಸಿದ್ರೂ ಅದು ಸರಿಹೋಗಲ್ಲ. 0.625 ಇಂಚಿನ ಮಾಸ್ಟರ್ ತೆಗೆದು 0.70 ಇಂಚಿನದು ಹಾಕಿದ್ರೆ ಅದೇ ಪೆಡಲ್ ಓಟಕ್ಕೆ ಸುಮಾರು ಶೇ. 25ರಷ್ಟು ಹೆಚ್ಚು ಆಯಿಲ್ ಹೋಗುತ್ತೆ, 0.75ಕ್ಕೆ ಶೇ. 44. ಪೆಡಲ್ ಕೂಡ ಅಷ್ಟೇ ಬಿಗಿಯಾಗುತ್ತೆ, ಹಾಗಾಗಿ ಮೊದಲು 0.70 ನೋಡೋದೇ ಸರಿ.

ಪುಶ್ ರಾಡ್ ಗ್ಯಾಪ್ ಸುಮಾರು 1 ಮಿ.ಮೀ. ಇಡಿ. 5ಕ್ಕೆ 1 ಪೆಡಲಿನಲ್ಲಿ ಅದು ಕಾಲಿಡೋ ಜಾಗದಲ್ಲಿ ಸುಮಾರು 5 ಮಿ.ಮೀ. ಫ್ರೀ ಪ್ಲೇ (ಏನೂ ತಳ್ಳದ ಖಾಲಿ ಓಟ). 5/16 ಯುಎನ್‌ಎಫ್ (ಇಂಚು ಅಳತೆಯ ಸಣ್ಣ ಥ್ರೆಡ್) ರಾಡ್ ಆದ್ರೆ ಇಂಚಿಗೆ 24 ಥ್ರೆಡ್, ಒಂದು ಸುತ್ತಿಗೆ 1 ಮಿ.ಮೀ. ಚಿಲ್ಲರೆ, ಲೆಕ್ಕ ಸುಲಭ. ಆಮೇಲೆ ಲಾಕ್ ನಟ್ ಬಿಗಿ ಮಾಡಿ. ಸ್ಟಾಪ್ ಕೊನೇಲಿ: ಇಂಜಿನ್ ಐಡಲ್‌ನಲ್ಲಿರಲಿ, ಕ್ಲಚ್ ಒತ್ತಿ ಐದು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಟೈಪ್ 9ರಲ್ಲಿ ರಿವರ್ಸಿಗೆ ಸಿಂಕ್ರೋ (ಗೇರ್ ಸದ್ದಿಲ್ಲದೆ ಸೇರೋಕೆ ನೆರವಾಗೋ ಭಾಗ) ಇಲ್ಲ, ಹಾಗಾಗಿ ಕ್ಲಚ್ ಪೂರ್ತಿ ಬಿಡದಿದ್ರೆ ಅದೇ ಹೇಳುತ್ತೆ. ಸದ್ದಿಲ್ಲದೆ ಬಿದ್ದ ಜಾಗದಿಂದ ಪೆಡಲಿನಲ್ಲಿ ಇನ್ನೊಂದು 10 ಮಿ.ಮೀ. ಬಿಟ್ಟು ಸ್ಟಾಪ್ ಬಿಗಿ ಮಾಡಿ. ಹತ್ತಕ್ಕಿಂತ ಜಾಸ್ತಿ ಬೇಡ. ಆ ಓಟ ಸ್ಲೇವ್ ಕೊಟ್ಟವರು ಹೇಳಿದ ಮಿತಿಯೊಳಗೇ ಇರಬೇಕು. ಇದಿಷ್ಟೂ ಒಂದು ಮಧ್ಯಾಹ್ನದ ಕೆಲಸ. ಅದನ್ನೇ ಮಾಡಿಲ್ಲ ಅವರು.

ಯಾವ ವರ್ಕ್‌ಶಾಪಿಗೇ ಕೊಡಿ, ಕೊಡೋ ಮುಂಚೆ ಸ್ಟಾಪ್ ಬೋಲ್ಟಿನ, ರಾಡಿನ ಥ್ರೆಡ್ಡಿನ ಫೋಟೊ ತೆಗೆದಿಟ್ಟುಕೊಳ್ಳಿ. ಕಾರ್ಡಲ್ಲೇ ಪೇ ಮಾಡಿ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕು ಕಾಯ್ದೆ ಪ್ರಕಾರ ಸೇವೆ ಮಾಡೋರು ಸರಿಯಾದ ಎಚ್ಚರ, ಕುಶಲತೆಯಿಂದ ಮಾಡಬೇಕು. ಇಲ್ಲದಿದ್ರೆ ಮತ್ತೆ ಮಾಡಿಕೊಡಬೇಕು, ಆಗದಿದ್ರೆ ದುಡ್ಡು ಕಡಿಮೆ ಮಾಡಬೇಕು. ಇದನ್ನು ಬರೆದು ಕಳಿಸಿದ ಮೇಲೆ ಅವರ ದನಿ ಮೆತ್ತಗಾಗಿದೆ. ಈಗ ಸ್ಲೇವ್ ಕೊಡ್ತಾರಂತೆ, ಇಂಜಿನ್ ಎತ್ತೋ ಲೇಬರ್ ಕೊಡಲ್ಲವಂತೆ. ಸ್ಲೇವಿಗಿಂತ ಲೇಬರೇ ಜಾಸ್ತಿ ಅಂತ ಅವರಿಗೂ ಗೊತ್ತು. ಎರಡೂ ಕೊಡೋ ತನಕ ಬಿಡೋ ಮಾತೇ ಇಲ್ಲ.