ಅಂಬಾಸಿಡರ್ ಮಾರುವ ಮೊದಲು: ಹಳೆ ರಿಮ್ಮೋ, ಬೇರೆ ರಿಮ್ಮೋ?

ಮೊದಲು ಬಂದ ಗಿರಾಕಿ ಬಾನೆಟ್ ತೆಗೆಸಲಿಲ್ಲ. ನೇರವಾಗಿ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಚಕ್ರದ ನಡುವೆ ಮುಚ್ಚಿರುವ ಕ್ರೋಮ್ ಕಪ್ ಕಿತ್ತರು. ಒಳಗೆ ಬೆರಳಾಡಿಸಿದರು. ಬೆರಳ ತುಂಬ ತುಕ್ಕು, ಜೊತೆಗೆ ಒಣಗಿದ ತೋಟದ ಮಣ್ಣು. "ಕಾರು ಚೆನ್ನಾಗಿದೆ ಸಾರ್. ಆದ್ರೆ ಚಕ್ರಾನೇ ಹೀಗಿದ್ರೆ ಅಡಿಯಲ್ಲಿ ಇನ್ನೇನಿದೆಯೋ ಅಂತ ಭಯ ಆಗುತ್ತೆ" ಅಂದರು. ನಾನು ಹೇಳಿದ ಬೆಲೆಗೆ 40,000 ರೂಪಾಯಿ ಕಡಿಮೆ ಕೇಳಿದರು. ನಾನು ಕೊಡಲಿಲ್ಲ. ಆದರೆ ಅವರ ಮಾತು ತಪ್ಪು ಅಂತ ನನಗೆ ಅನ್ನಿಸಲೂ ಇಲ್ಲ.

ಇದು ಅಪ್ಪ 1982ರಲ್ಲಿ ತಂದ ಅಂಬಾಸಿಡರ್, ಮಾರ್ಕ್ 4. ಆಲ್ದೂರಿನ ಹತ್ತಿರ ನಮ್ಮ ತೋಟ. ಅಲ್ಲಿಂದ ಚಿಕ್ಕಮಗಳೂರಿಗೆ ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಎಲ್ಲದಕ್ಕೂ ಇದೇ ಗಾಡಿ. ಅಪ್ಪ ಹೋದ ಮೇಲೆ ಓಡಿಸುವವರು ಕಡಿಮೆಯಾದರು. ಶೆಡ್ಡಲ್ಲಿ ನಿಂತು ಹಾಳಾಗುವ ಬದಲು, ಪ್ರೀತಿಯಿಂದ ಓಡಿಸುವವರ ಕೈ ಸೇರಲಿ ಅಂತ ಮಾರಲು ಹೊರಟೆ.

ಚಕ್ರಕ್ಕೆ ಏನು ಮಾಡಬೇಕು ಅಂತ ಕೇಳಿದಾಗ ಒಬ್ಬೊಬ್ಬರು ಒಂದೊಂದು ಹೇಳಿದರು. ಕೈಯಲ್ಲಿ ಉಜ್ಜಿ ಬಣ್ಣ ಹೊಡಿ ಅಂದರು. ಪೌಡರ್ ಕೋಟಿಂಗ್ ಮಾಡಿಸು ಅಂದರು. ಗುಜರಿಯಿಂದ ಬೇರೆ ರಿಮ್ಮು ತಾ ಅಂದರು. ಅಕ್ಕನ ಮಗ ಅಲಾಯ್ (ಹೊಸ ಕಾರುಗಳ ಮಿಶ್ರಲೋಹದ ಚಕ್ರ) ಹಾಕು ಮಾಮ ಅಂದ. ಸ್ಟೆಪ್ನಿ ಸೇರಿ ಐದು ಚಕ್ರ ಇದೆ ಅಲ್ವಾ? ಎಲ್ಲವನ್ನೂ ಮಾಡಿಯೇ ನೋಡಿದೆ. ಆಗಸ್ಟಿನಿಂದ ಡಿಸೆಂಬರ್ ತನಕ ಹಿಡಿಯಿತು.

ಬಣ್ಣದ ಯೋಚನೆಗೆ ಮೊದಲು ರಿಮ್ಮು ಗಟ್ಟಿ ಇದೆಯಾ, ನೆಟ್ಟಗೆ ತಿರುಗುತ್ತದೆಯಾ ಅಂತ ನೋಡಬೇಕು. ಗಾಡಿಗೆ ಜಾಕ್ ಕೊಟ್ಟು, ಕೆಳಗೆ ಸ್ಟ್ಯಾಂಡ್ ಇಟ್ಟು, ರಿಮ್ಮಿನ ಅಂಚಿಗೆ ತಾಗಿಯೂ ತಾಗದ ಹಾಗೆ ಒಂದು ಇಟ್ಟಿಗೆ ಮೇಲೆ ಮೊಳೆ ನಿಲ್ಲಿಸಿದೆ. ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದೆ. ಮೊಳೆಗೂ ಅಂಚಿಗೂ ಇರುವ ಸಂದು ಹೆಚ್ಚು ಕಡಿಮೆ ಆದರೆ ಅಷ್ಟು ಸೊಟ್ಟ ಇದೆ ಅಂತ ಲೆಕ್ಕ. ಮೂರು ರಿಮ್ಮು 1 ಮಿಲಿಮೀಟರ್ ಒಳಗೇ ಇದ್ದವು. ಎಡಗಡೆ ಮುಂದಿನದು 3 ಮಿಲಿಮೀಟರ್ ಅಲ್ಲಾಡಿತು. ಕೈಮರದ ಕಡೆ ರಸ್ತೆಯಲ್ಲಿ ಸ್ಟೇರಿಂಗ್ ನಡುಗುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು.

ಬಿರುಕು ಹುಡುಕುವ ಉಪಾಯವನ್ನು ಹೇಳಿಕೊಟ್ಟವರು ನಮ್ಮ ಹಳೆ ಮೆಕ್ಯಾನಿಕ್. ರಿಮ್ಮಿನ ನಟ್ ತೂತುಗಳ ಸುತ್ತ ತುಕ್ಕು ಉಜ್ಜಿ ತೆಗೆದು, ಸೀಮೆಎಣ್ಣೆ ಸವರಿ, ಅರ್ಧ ಗಂಟೆ ಬಿಟ್ಟು ಚೆನ್ನಾಗಿ ಒರೆಸಬೇಕು. ಮೇಲೆ ಚಾಕ್‌ಪೀಸಿನ ಪುಡಿ ಉದುರಿಸಬೇಕು. ಬಿರುಕಿದ್ದರೆ ಒಳಗೆ ಕೂತ ಸೀಮೆಎಣ್ಣೆ ಹೊರಗೆ ಜಿನುಗಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ಬಲಗಡೆ ಹಿಂದಿನ ರಿಮ್ಮಿನಲ್ಲಿ ಒಂದು ನಟ್ ತೂತಿನಿಂದ ಇನ್ನೊಂದರ ಕಡೆಗೆ ಕೂದಲಿನಷ್ಟು ತೆಳ್ಳಗೆ ಗೆರೆ ಕಂಡಿತು. ನಾನು ಅಲ್ಲೇ ಕೂತುಬಿಟ್ಟೆ. ಅದೇ ಚಕ್ರದ ಮೇಲೆ ಅಮ್ಮನನ್ನು ಕೂರಿಸಿಕೊಂಡು ಎಷ್ಟು ಸಲ ಹಾಸನಕ್ಕೆ ಹೋಗಿದ್ದೆ!

ಅಂಥ ರಿಮ್ಮಿಗೆ ವೆಲ್ಡಿಂಗ್ ಬೇಡ. ಬಣ್ಣವಂತೂ ಬೇಡವೇ ಬೇಡ. ಅದು ಬದಲಾಗಲೇಬೇಕು.

ಇನ್ನು ಕೈಯಲ್ಲಿ ಉಜ್ಜುವ ದಾರಿ. ಎರಡು ರಿಮ್ಮಿಗೆ ಇದನ್ನು ಮಾಡಿದೆ. ತಂತಿ ಬ್ರಷ್, 80 ನಂಬರಿನ ಎಮರಿ, ಆಮೇಲೆ 220, ಕೊನೆಗೆ ನೀರು ಹಾಕಿ 400. ಪ್ರೈಮರ್, ಸ್ವಲ್ಪ ಪುಟ್ಟಿ, ಮೇಲೆ ಡ್ಯುಕೊ, ಅಂದರೆ ಗಾಡಿಗೆ ಹೊಡೆಯುವ ಸ್ಪ್ರೇ ಬಣ್ಣ. ಸಾಮಾನಿಗೆ ಆದ ಖರ್ಚು ಎರಡಕ್ಕೂ ಸೇರಿ 1,300 ರೂಪಾಯಿ. ಕೆಲಸ ಮಾತ್ರ ಒಂದೊಂದಕ್ಕೆ ಎರಡು ದಿನ. ಹೊರಮೈ ಸುಲಭ. ಟ್ಯೂಬು ಕೂರುವ ಒಳ ಕಾಲುವೆಯಲ್ಲಿ ಬೆರಳು ಸವೆದುಹೋಗುತ್ತದೆ. ಅಲ್ಲಿ ತುಕ್ಕಿನ ಚಕ್ಕೆ ಉಳಿದರೆ ಟ್ಯೂಬನ್ನು ತಿಕ್ಕಿ ತಿಕ್ಕಿ ಪಂಕ್ಚರ್ ಮಾಡುತ್ತದೆ. ಯಾರಿಗೂ ಕಾಣದ ಜಾಗ ಅಂತ ಬಿಡುವ ಹಾಗಿಲ್ಲ.

ನಾನು ಮಾಡಿದ ತಪ್ಪು ಅಂದರೆ ಆಗಸ್ಟಿನ ಮಳೆಯಲ್ಲಿ ಬಣ್ಣ ಹೊಡೆದದ್ದು. ಮಲೆನಾಡಿನವರಿಗೆ ಇದು ಗೊತ್ತಿರಬೇಕಿತ್ತು. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ತಿನ್ನರ್ ಬೇಗ ಆರಿ ಬಣ್ಣದ ಮೈ ತಣ್ಣಗಾಗುತ್ತದೆ, ಅದರ ಮೇಲೆ ನೀರಿನ ಪಸೆ ಕೂರುತ್ತದೆ. ನಮ್ಮ ರಿಮ್ಮು ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿಚಿಕೊಂಡಿತು. ನವೆಂಬರಿನ ಬಿಸಿಲಲ್ಲಿ ಅದನ್ನೇ ಮತ್ತೆ ಉಜ್ಜಿ ಹೊಡೆದಾಗ ಕನ್ನಡಿಯಂತೆ ಬಂತು.

ಬಣ್ಣ ಯಾವುದು ಅನ್ನುವುದಕ್ಕೂ ಒಂದು ಮಾತು. ಡಿಕ್ಕಿಯಲ್ಲಿದ್ದ ಸ್ಟೆಪ್ನಿಗೆ ಮಳೆ ಬಿಸಿಲು ತಾಗಿರಲಿಲ್ಲ. ಅದರ ಒಳಮಗ್ಗುಲಲ್ಲಿ ಹಳೆಯ ಕೆನೆ ಬಣ್ಣ ಹಾಗೇ ಉಳಿದಿತ್ತು. ಅದನ್ನು ಪೇಂಟ್ ಅಂಗಡಿಗೆ ಹೊತ್ತುಕೊಂಡು ಹೋಗಿ ಅದೇ ಬಣ್ಣ ಕಲೆಸಿಸಿದೆ. ನಿಮ್ಮ ಗಾಡಿಯಲ್ಲೂ ಮೊದಲು ಸ್ಟೆಪ್ನಿಯ ಬೆನ್ನು ನೋಡಿ.

ಪೌಡರ್ ಕೋಟಿಂಗಿಗೆ ಒಂದು ರಿಮ್ಮನ್ನು ಹಾಸನಕ್ಕೆ ತೆಗೆದುಕೊಂಡು ಹೋದೆ, ಸೊಟ್ಟಗಾಗಿದ್ದ ಆ ಎಡಗಡೆಯದು. ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಸುಮಾರು 60 ಕಿಲೋಮೀಟರ್. ಅಲ್ಲಿ ಮೊದಲು ರಿಮ್ ಬೆಂಡ್ ತೆಗೆಯುವವರ ಹತ್ತಿರ ಪ್ರೆಸ್ಸಿಗೆ ಹಾಕಿಸಿದೆ. 3 ಮಿಲಿಮೀಟರ್ ಇದ್ದದ್ದು 1ಕ್ಕಿಂತ ಕೆಳಗೆ ಬಂತು. 500 ರೂಪಾಯಿಗೆ ಇಷ್ಟು ಉಪಕಾರ ಬೇರೆ ಯಾವ ಕೆಲಸದಿಂದಲೂ ಆಗಲಿಲ್ಲ. ಆಮೇಲೆ ಸ್ಯಾಂಡ್ ಬ್ಲಾಸ್ಟಿಂಗ್, ಅಂದರೆ ಗಾಳಿಯ ರಭಸದಲ್ಲಿ ಮರಳಿನಂಥ ಪುಡಿ ಎರಚಿ ತುಕ್ಕು ಕೀಳುವುದು. ಹತ್ತು ನಿಮಿಷದಲ್ಲಿ ಒಳ ಕಾಲುವೆ ಸೇರಿ ಇಡೀ ರಿಮ್ಮು ಬೂದು ಬಣ್ಣದ ಹೊಸ ಲೋಹದ ಹಾಗೆ ನಿಂತಿತು. ನನ್ನ ಎರಡು ದಿನದ ಬೆರಳುನೋವು ನೆನಪಾಯಿತು.

ಕೋಟಿಂಗಿನಲ್ಲಿ ಪುಡಿಗೆ ವಿದ್ಯುತ್ ಚಾರ್ಜ್ ಕೊಟ್ಟು ಲೋಹಕ್ಕೆ ಅಂಟಿಸುತ್ತಾರೆ. ಆಮೇಲೆ ಸುಮಾರು 180ರಿಂದ 200 ಡಿಗ್ರಿ ಬಿಸಿಯ ಒಲೆಯಲ್ಲಿ ಬೇಯಿಸುತ್ತಾರೆ. ಬರುವ ಪದರ ತುಂಬ ಗಟ್ಟಿ. ಕಲ್ಲು ಸಿಡಿದರೂ ಅಷ್ಟು ಸುಲಭಕ್ಕೆ ಏಳುವುದಿಲ್ಲ. ದಿನಾ ಓಡಿಸುವ ಗಾಡಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ಮಾರುವ ಹಳೆ ಗಾಡಿಗೆ ಮಾತ್ರ ಮೂರು ತೊಂದರೆ ಕಂಡವು. ಸಾಧಾರಣ ಪುಟ್ಟಿ ಆ ಬಿಸಿ ತಡೆಯುವುದಿಲ್ಲ. ಹಾಗಾಗಿ ತುಕ್ಕು ತಿಂದ ಗುಳಿಗಳು ಪದರದ ಕೆಳಗೂ ಕಾಣುತ್ತವೆ. ಎರಡನೆಯದು, ಪಕ್ಕದ ಡ್ಯುಕೊ ರಿಮ್ಮಿನ ಜೊತೆ ಅದು ಹೊಂದಲಿಲ್ಲ. ಬಣ್ಣ ಒಂದೇ ಆದರೂ ಹೊಳಪು ಪ್ಲಾಸ್ಟಿಕ್ಕಿನದು. ಮೂರನೆಯದೇ ದೊಡ್ಡದು. ಕೆಲಸ ಮಾಡಿದವರು ನಟ್ ಕೂರುವ ಗುಂಡಿಗಳಿಗೆ ಮುಚ್ಚಳ ಹಾಕದೆ ಅಲ್ಲಿಗೂ ಪುಡಿ ಹೊಡೆದಿದ್ದರು. ನಟ್ಟನ್ನು ಬಿಗಿ ಮಾಡಿದಾಗ ಸರಿಯಾಗಿಯೇ ಇತ್ತು. ಓಡಿಸುತ್ತಾ ಓಡಿಸುತ್ತಾ ಆ ದಪ್ಪ ಪದರ ನಜ್ಜಾಗಿ ಬಿಗಿ ಸಡಿಲಾಯಿತು. ಬೇಲೂರಿನಿಂದ ವಾಪಸ್ ಬರುವಾಗ ಟಕ ಟಕ ಸದ್ದು ಕೇಳಿ ನಿಲ್ಲಿಸಿ ನೋಡಿದರೆ ಐದರಲ್ಲಿ ಎರಡು ನಟ್ ಕೈಯಲ್ಲೇ ತಿರುಗಿದವು. ಯಾರೇ ಪೌಡರ್ ಕೋಟಿಂಗ್ ಮಾಡಿಸಿದರೂ ನಟ್ ಗುಂಡಿ ಮತ್ತು ಹಬ್ಬಿಗೆ (ಗಾಡಿಯಲ್ಲಿ ಚಕ್ರ ಕೂರುವ ಲೋಹದ ಭಾಗಕ್ಕೆ) ತಾಗುವ ಹಿಂಬದಿ ಎರಡನ್ನೂ ಮುಚ್ಚಿಸಿ. ಮತ್ತೆ ಹಾಕಿದ ಮೇಲೆ 50 ಕಿಲೋಮೀಟರ್ ಓಡಿಸಿ ಇನ್ನೊಂದು ಸಲ ಪಾನ ಹಾಕಿ. ಬಿಗಿ ಮಾಡುವಾಗ ಅಕ್ಕಪಕ್ಕದ ನಟ್ ಬೇಡ, ಒಂದನ್ನು ಬಿಟ್ಟು ಒಂದು, ನಕ್ಷತ್ರ ಬರೆದ ಹಾಗೆ.

ಗುಜರಿಯ ವಿಷಯಕ್ಕೆ ಬಂದರೆ, ಅಂಬಾಸಿಡರ್‌ನವರು ಅದೃಷ್ಟವಂತರು. 2014ರಲ್ಲಿ ತಯಾರಿ ನಿಂತರೂ ಎಷ್ಟೋ ಟ್ಯಾಕ್ಸಿ, ಸರ್ಕಾರಿ ಗಾಡಿಗಳು ಗುಜರಿ ಸೇರಿವೆ. 15 ಇಂಚಿನ ಐದು ನಟ್ಟಿನ ರಿಮ್ಮು ಹುಡುಕಿದರೆ ಸಿಗುತ್ತದೆ. ಬಿರುಕು ಬಿಟ್ಟ ರಿಮ್ಮಿನ ಬದಲಿಗೆ ಬೆಂಗಳೂರಿಗೆ ಹೋದಾಗ ಒಂದು ಕಡೆ 1,200 ರೂಪಾಯಿಗೆ ತಂದೆ. ಬೆಳ್ಳಿ ಬಣ್ಣ ಮಿರಮಿರ ಮಿಂಚುತ್ತಿತ್ತು. ಮನೆಗೆ ತಂದು ಉಜ್ಜಿದರೆ ಬಣ್ಣದ ಕೆಳಗೆ ಅಂಚಿನಲ್ಲಿ ವೆಲ್ಡಿಂಗ್ ಮಾಡಿದ ಗಾಯ! ದುಡ್ಡು ಹೋಯಿತು. ಎರಡನೇ ಸಲ ಬಣ್ಣ ಹೊಡೆದ ರಾಶಿಯ ಕಡೆ ತಿರುಗಿಯೂ ನೋಡಲಿಲ್ಲ. ತುಕ್ಕು ಹಿಡಿದ ರಾಶಿಯಲ್ಲಿ ಹುಡುಕಿದೆ. ನಟ್ ತೂತು ಉದ್ದಕ್ಕೆ ಎಳೆದುಕೊಂಡಿದೆಯಾ, ಅಂಚು ಬಾಗಿದೆಯಾ, ವಾಲ್ವಿನ ತೂತಿನ ಸುತ್ತ ತುಕ್ಕು ತಿಂದು ತೆಳ್ಳಗಾಗಿದೆಯಾ ಅಂತ ನೋಡಿ 900 ರೂಪಾಯಿಗೆ ಒಂದು ಗಟ್ಟಿ ರಿಮ್ಮು ತಂದೆ. ತುಕ್ಕು ಸುಳ್ಳು ಹೇಳುವುದಿಲ್ಲ. ಮಾರುವವರು ಹೊಡೆದ ಹೊಸ ಬಣ್ಣವನ್ನು ನಂಬಬೇಡಿ.

ಅಲಾಯ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಕ್ಕನ ಮಗ ಸ್ನೇಹಿತನ ಸೆಟ್ ತಂದು ಒಂದು ವಾರಕ್ಕೆ ಹಾಕಿದ. ನಟ್ ಕೂತವು. ಆದರೆ ಚಕ್ರ ಹೊರಗೆ ಚಾಚಿಕೊಂಡು, ಹಿಂದೆ ಮೂವರು ಕೂತಾಗ ಟೈರು ಮಡ್‌ಗಾರ್ಡಿಗೆ ಉಜ್ಜಿತು. ಕ್ರೋಮ್ ಕಪ್ಪಿಗೆ ಜಾಗವೇ ಇಲ್ಲ. ಆ ವಾರ ನೋಡಲು ಬಂದ ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: "ಒರಿಜಿನಲ್ ರಿಮ್ಮು ಇದೆಯಾ?" ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗಿ ಗಾಡಿ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಡಿವಾಣ ಹಾಕುತ್ತದೆ. ಕೊಳ್ಳುವವರಿಗೆ ಆ ತಲೆನೋವನ್ನು ಯಾಕೆ ಕೊಡಬೇಕು?

ಟೈರು ನೋಡಿ ನಾನೇ ಮೋಸಹೋಗಿದ್ದೆ. ನಮ್ಮ 5.90-15 ಅಳತೆಯ ಟೈರುಗಳಲ್ಲಿ ಗುಂಡಿ, ಅಂದರೆ ನೆಲಕ್ಕೆ ತಾಗುವ ಮೈಯ ಗೀರುಗಳ ಆಳ, ಚೆನ್ನಾಗಿತ್ತು. ಕಾರಿಗೆ ಕಾನೂನು ಕೇಳುವುದು 1.6 ಮಿಲಿಮೀಟರ್, ಇದರಲ್ಲಿ 5 ಇತ್ತು. ಆದರೆ ಪಕ್ಕದ ಗೋಡೆಯಲ್ಲಿ ಕೆರೆ ಬತ್ತಿದಾಗ ಕೆಸರು ಒಡೆಯುವ ಹಾಗೆ ಸಣ್ಣ ಸೀಳುಗಳು. ಟೈರಿನ ಮೇಲಿನ ಕೊನೆಯ ನಾಲ್ಕು ಅಂಕಿ 2311. ಅಂದರೆ 2011ರ 23ನೇ ವಾರದಲ್ಲಿ ಮಾಡಿದ್ದು. ಓಡದೆ ನಿಂತ ಗಾಡಿಯಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ.

ಹೊಸದು ಕ್ರಾಸ್‌ಪ್ಲೈ (ನಮ್ಮದರಂಥ ಹಳೆ ಕಾಲದ ಟೈರು) ಹಾಕಲೋ ರೇಡಿಯಲ್ (ಈಗಿನ ಕಾರುಗಳಿಗೆ ಬರುವ ಟೈರು) ಹಾಕಲೋ ಅಂತ ತಿಳಿಯಲು, ರೇಡಿಯಲ್ ಹಾಕಿದ್ದ ನೆರೆಯವರ ಅಂಬಾಸಿಡರ್ ಓಡಿಸಿ ನೋಡಿದೆ. ನಿಂತಲ್ಲೇ ತಿರುಗಿಸುವಾಗ ಅದರ ಸ್ಟೇರಿಂಗ್ ಸ್ವಲ್ಪ ಭಾರ. ಆದರೆ ಬೇಲೂರು ರಸ್ತೆಯಲ್ಲಿ ವೇಗ 60 ದಾಟಿದ ಮೇಲೆ ಗಾಡಿ ಹಗ್ಗ ಹಿಡಿದ ಹಾಗೆ ನೆಟ್ಟಗೆ ಹೋಗುತ್ತದೆ. ನಮ್ಮದು ರಸ್ತೆಯ ಗಾಲಿಜಾಡು ಕಂಡರೆ ಆ ಕಡೆ ಎಳೆಯುತ್ತಿತ್ತು. ನಾನು ಸ್ಟೆಪ್ನಿ ಸೇರಿ ಐದಕ್ಕೂ ರೇಡಿಯಲ್ ಹಾಕಿಸಿದೆ. ಅರ್ಧ ಅದು, ಅರ್ಧ ಇದು ಯಾವತ್ತೂ ಬೇಡ. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಇದ್ದರೆ ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ಚಾರ್ಮಾಡಿ ಘಾಟಿಯ ಮಳೆಯಲ್ಲಿ ಹಾಗಾದರೆ ಏನು ಗತಿ? ಒಳಗೆ ಟ್ಯೂಬನ್ನೂ ಹಾಕಿಸಿ. ಈ ಹಳೆ ರಿಮ್ಮುಗಳು ಟ್ಯೂಬಿಗೆಂದೇ ಮಾಡಿದವು. ಟ್ಯೂಬ್‌ಲೆಸ್ ಟೈರನ್ನು ಹಿಡಿದು ನಿಲ್ಲಿಸುವ ಉಬ್ಬು ಇವುಗಳಲ್ಲಿಲ್ಲ.

ಕ್ರೋಮ್ ಕಪ್ಪುಗಳಿಗೆ ಹೊಸ ಪ್ಲೇಟಿಂಗ್ ಬೇಕಾಗಲಿಲ್ಲ. ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ಉಜ್ಜಿದರೆ ಮೇಲಿನ ತುಕ್ಕು ಹೋಗುತ್ತದೆ. ಒಂದು ಸಂಜೆಯ ಕೆಲಸ.

ಕೊನೆಗೆ ನಾನು ಹಿಡಿದದ್ದು ಎರಡು ದಾರಿಗಳ ನಡುವಿನದು. ಗುಜರಿಯದೂ ಸೇರಿ ಐದೂ ರಿಮ್ಮುಗಳನ್ನು ಹಾಸನದಲ್ಲಿ ಬ್ಲಾಸ್ಟ್ ಮಾತ್ರ ಮಾಡಿಸಿದೆ, ಒಂದಕ್ಕೆ 400 ರೂಪಾಯಿ. ಪೌಡರ್ ಕೋಟಿಂಗ್ ಕೂಡ ಬ್ಲಾಸ್ಟಿನಲ್ಲೇ ಕಿತ್ತುಹೋಯಿತು. ಬರಿ ಲೋಹ ನಮ್ಮ ಹವೆಯಲ್ಲಿ ಒಂದು ರಾತ್ರಿ ಕಳೆದರೆ ಮತ್ತೆ ಕೆಂಪಾಗುತ್ತದೆ. ಹಾಗಾಗಿ ಅಲ್ಲೇ ಪ್ರೈಮರ್ ಹೊಡೆಸಿಕೊಂಡು ಬಂದೆ. ಗುಳಿಗಳಿಗೆ ಪುಟ್ಟಿ ತುಂಬಿ, ಡಿಸೆಂಬರಿನ ಬಿಸಿಲಲ್ಲಿ ನಾನೇ ಕೆನೆ ಬಣ್ಣ ಹೊಡೆದೆ. ನಟ್ ಗುಂಡಿಗಳಿಗೆ ಬಣ್ಣ ತಾಗಿಸಲಿಲ್ಲ. ಐದೂ ಒಂದೇ ತಾಯಿಯ ಮಕ್ಕಳ ಹಾಗೆ ಕಂಡವು.

ಜನವರಿಯಲ್ಲಿ ಮೈಸೂರಿನಿಂದ ಒಬ್ಬರು ಬಂದರು. ಅವರೂ ಕಪ್ ತೆಗೆಸಿದರು. ನಾನು ಮುಚ್ಚಿಡಲಿಲ್ಲ. ಇದು ಗುಜರಿಯಿಂದ ತಂದದ್ದು, ಇದನ್ನು ಪ್ರೆಸ್ಸಿಗೆ ಹಾಕಿಸಿದ್ದು, ಉಳಿದ ಮೂರು ಮೊದಲಿನವೇ ಅಂತ ಒಂದೊಂದನ್ನೂ ಮುಟ್ಟಿ ತೋರಿಸಿದೆ. ಅವರು ಇಟ್ಟಿಗೆ ಮೊಳೆ ಕೇಳಿ ತಾವೇ ಚಕ್ರ ತಿರುಗಿಸಿ ನೋಡಿದರು. ಬೆಲೆಯಲ್ಲಿ 5,000 ಮಾತ್ರ ಕಡಿಮೆ ಮಾಡಿದೆ, ಅದೂ ಅವರು ಅಮ್ಮನ ಕಾಲಿಗೆ ನಮಸ್ಕಾರ ಮಾಡಿದ ಮೇಲೆ.

ಮಿಕ್ಕ ಕೆನೆ ಬಣ್ಣದ ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟು ಕಳಿಸಿದೆ. ಬಿರುಕು ಬಿಟ್ಟ ರಿಮ್ಮನ್ನೂ ವೆಲ್ಡಿಂಗಿನ ರಿಮ್ಮನ್ನೂ ಗ್ಯಾಸ್ ಕಟರಿನಲ್ಲಿ ಎರಡೆರಡು ತುಂಡು ಮಾಡಿಸಿಯೇ ಗುಜರಿಗೆ ಹಾಕಿದೆ.