ಶುಂಜಿ ಇವಾಯ್ ಸಿನ್ಮಾಗಳು: ಹದಿಹರೆಯದೋರಿಗೆ ಹೆಸ್ರೇ ಮನೆ

ಜಪಾನಿ ಸಿನ್ಮಾ ಅಂದ್ರೆ ಕುರೊಸಾವ, ಓಝು ತರದ ಹಳೇ ನಿರ್ದೇಶಕರು, ಆಮೇಲೆ ಅನಿಮೆ ಅನ್ನೋ ಕಾರ್ಟೂನ್ ಸಿನ್ಮಾಗಳು, ಅಷ್ಟಕ್ಕೇ ನಿಂತಿರೋರು ದಯವಿಟ್ಟು ನಿರ್ದೇಶಕ ಶುಂಜಿ ಇವಾಯ್ ಅವ್ರ ಸಿನ್ಮಾ ನೋಡಿ. ಇವ್ರ ಕಥೆಗಳಲ್ಲಿ ಹುಡುಗ್ರಿಗೆ ಮನೆ, ಸ್ಕೂಲು, ದೇಶ ಯಾವ್ದೂ ನಮ್ದು ಅನ್ಸಲ್ಲ, ಕೊನೇಗೆ ಕೈ ಹಿಡಿಯೋದು ಬರೀ ಒಂದು ಹೆಸ್ರು. ಮೂರು ಸಿನ್ಮಾ ಒಟ್ಟಿಗೆ ನೋಡಿದ್ರೆ ಇದು ಎದ್ದು ಕಾಣತ್ತೆ.

1995ರ ‘ಲವ್ ಲೆಟರ್’ ಇಂದ ಶುರು ಮಾಡಿ. ತೀರಿಹೋದ ಹುಡುಗನ ಹಳೇ ಅಡ್ರೆಸ್ಸಿಗೆ ಅವ್ನನ್ನ ಮದ್ವೆ ಆಗ್ಬೇಕಿದ್ದೋಳು ಕಾಗದ ಬರೀತಾಳೆ, ಉತ್ರ ಬರತ್ತೆ! ಬರ್ದಿರೋದು ಅವ್ನ ಕ್ಲಾಸಲ್ಲೇ ಇದ್ದ, ಅವ್ನದೇ ಹೆಸ್ರಿನ ಹುಡುಗಿ. ಎರಡೂ ಪಾತ್ರ ಮಿಹೊ ನಕಯಾಮಾ ಒಬ್ರೇ ಮಾಡಿದಾರೆ, ಒಟಾರು ಊರಿನ ಹಿಮ, ಸ್ಕೂಲ್ ಲೈಬ್ರರಿ ಕಾರ್ಡಲ್ಲಿ ಯಾರೂ ಓದ್ದಿರೋ ಪುಸ್ತಕಕ್ಕೆಲ್ಲ ಆ ಹುಡುಗ ಹೆಸ್ರು ಬರ್ಯೋದು, ಆಹಾ.

1996ರ ‘ಸ್ವಾಲೋಟೇಲ್ ಬಟರ್‌ಫ್ಲೈ’ ಪೂರ್ತಿ ಬೇರೆ. ಯೆನ್ ದುಡ್ಡಿನ ಆಸೆಗೆ ವಲಸೆ ಬಂದೋರ ಕಲ್ಪಿತ ಜಪಾನು, ಜಪಾನಿ ಚೈನೀಸ್ ಇಂಗ್ಲಿಷ್ ಎಲ್ಲಾ ಕಲಸಿ ಮಾತಾಡ್ತಾರೆ. ಅಮ್ಮ ಸತ್ತ, ಹೆಸ್ರೇ ಇಲ್ದಿರೋ ಹುಡುಗಿಗೆ ಗ್ಲಿಕೊ ಅನ್ನೋ ಹೆಂಗಸು ಅಗೆಹಾ ಅಂತ ಹೆಸ್ರಿಡ್ತಾಳೆ, ಅಲ್ಲಿಂದಾನೇ ಆ ಹುಡುಗಿಗೆ ತನ್ನದೇ ಒಂದು ಗುರುತು ಸಿಗತ್ತೆ. ಸೆಕೆಂಡ್ ಹಾಫ್ ಎಳೆದಿದಾರೆ, ಗ್ಯಾಂಗ್‌ಸ್ಟರ್ ಭಾಗ ಅಷ್ಟು ಬೇಕಿರ್ಲಿಲ್ಲ, ಆದ್ರೆ ಗ್ಲಿಕೊ ಆಗಿರೋ ಗಾಯಕಿ ಚಾರಾ ಹಾಡೋಕೆ ನಿಂತ್ರೆ ಅದೆಲ್ಲ ಮರ್ತೋಗತ್ತೆ.

ನನ್ನ ಪ್ರಕಾರ ಇವ್ರ ಅತ್ಯುತ್ತಮ ಕೆಲ್ಸ 2001ರ ‘ಆಲ್ ಅಬೌಟ್ ಲಿಲಿ ಶುಶು’. ಯೂಇಚಿ ಅನ್ನೋ ಮಿಡ್ಲ್ ಸ್ಕೂಲ್ ಹುಡುಗ, ಗೆಳೆಯನಾಗಿದ್ದ ಹೊಶಿನೊನೇ ಓಕಿನಾವಾ ಟ್ರಿಪ್ ಮುಗಿಸ್ಕೊಂಡು ಬಂದ್ಮೇಲೆ ಇವ್ನನ್ನ ಹಿಂಸೆ ಮಾಡೋಕೆ ಶುರು ಮಾಡ್ತಾನೆ, ಕಾರಣ ಇದೇ ಅಂತ ಸಿನ್ಮಾ ಬಿಡಿಸಿ ಹೇಳಲ್ಲ, ಹೇಳ್ದೇ ಇರೋದೇ ಸರಿ ಯಾಕಂದ್ರೆ ಹಿಂಸೆ ಅನುಭವಿಸೋ ಮಕ್ಳಿಗೂ ಕಾರಣ ಸಿಗಲ್ವಲ್ಲ. ಹಗಲು ಬಾಯಿ ಬಿಡದ ಹುಡುಗ ರಾತ್ರಿ ಇಂಟರ್ನೆಟ್ಟಲ್ಲಿ ಬೇರೆ ಹೆಸ್ರಿಟ್ಕೊಂಡು ಲಿಲಿ ಅನ್ನೋ ಗಾಯಕಿ ಬಗ್ಗೆ ಮನ್ಸು ಬಿಚ್ಚಿ ಬರೀತಾನೆ, ಅಲ್ಲಿ ಅವ್ನನ್ನ ಅರ್ಥ ಮಾಡ್ಕೊಳ್ಳೋರು ಇದಾರೆ. ಕಥೆ ಮೊದ್ಲು ಶುರುವಾಗಿದ್ದೂ ಇಂಟರ್ನೆಟ್ ಕಾದಂಬರಿಯಾಗಿ, ಅದಕ್ಕೇ ಸ್ಕ್ರೀನ್ ಮೇಲೆ ಟೈಪ್ ಆಗೋ ಸಾಲುಗಳು ಅಲಂಕಾರಕ್ಕೆ ಹಾಕ್ದಂಗೆ ಅನ್ಸಲ್ಲ. ಹಸಿರು ಭತ್ತದ ಗದ್ದೆ ಮಧ್ಯ ಹೆಡ್‌ಫೋನ್ ಹಾಕ್ಕೊಂಡು ನಿಂತಿರೋ ಶಾಟ್ ತುಂಬಾ ಜನಕ್ಕೆ ಗೊತ್ತು. ಡಿಜಿಟಲ್ ಕ್ಯಾಮೆರಾ ಇನ್ನೂ ಹೊಸದಾಗಿದ್ದಾಗ್ಲೇ ಛಾಯಾಗ್ರಾಹಕ ನೊಬೊರು ಶಿನೋಡಾ ಅದನ್ನ ಹಿಡ್ಕೊಂಡು ಬೆಳಕು ಹಂಗೆ ಸೆರೆ ಹಿಡಿದಿದಾರೆ, ಜೊತೆಗೆ ಫ್ರೆಂಚ್ ಸಂಗೀತಗಾರ ಡೆಬ್ಯುಸ್ಸಿ ಪಿಯಾನೊ, ಗಾಯಕಿ ಸಾಲ್ಯು ಧ್ವನಿಯಲ್ಲಿ ಲಿಲಿ ಹಾಡುಗಳು. ಅಷ್ಟು ಚೆಂದದ ಜಾಗದಲ್ಲಿ ಅಷ್ಟು ಕ್ರೌರ್ಯ ನಡಿಯೋದು ನೋಡೋಕೆ ನಿಜ್ವಾಗ್ಲೂ ಕಷ್ಟ ಆಗತ್ತೆ.

ಕಾಲ ಹಿಂದೆ ಮುಂದೆ ಜಿಗಿಯತ್ತೆ, ಮೊದಲ ಸಲ ಸ್ವಲ್ಪ ಗೊಂದಲ ಆಗ್ಬೋದು, ಎರಡೂವರೆ ಗಂಟೆ ಹತ್ರ ಇದೆ ಬೇರೆ. ಲೈಂಗಿಕ ದೌರ್ಜನ್ಯ, ಆತ್ಮಹತ್ಯೆ ಎರಡೂ ಬರತ್ತೆ, ಮನ್ಸು ಸರಿ ಇಲ್ದಿದ್ದಾಗ ಹಾಕ್ಬೇಡಿ. ಮನೇಲಿ ಹೈಸ್ಕೂಲ್ ಮಕ್ಳಿರೋ ಅಪ್ಪ ಅಮ್ಮಂದಿರು ಮಾತ್ರ ಖಂಡಿತ ನೋಡಿ, ಮಕ್ಳನ್ನ ಕೂರಿಸ್ಕೊಂಡಲ್ಲ, ಮೊದ್ಲು ನೀವು.